ರೋಂಡಾಕ್ಕೆ ಹೋದವರು ಕಣಿವೆಗೆ ಇಳಿಯಬೇಕು

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ರೋಂಡಾದ ಸೇತುವೆಯ ಮೇಲೆ ನಿಲ್ಲಲು ಜಾಗ ಸಿಗುವುದಿಲ್ಲ. ಕಡಲತೀರದ ಊರುಗಳಿಂದ ಹೊರಟ ಪ್ರವಾಸಿ ಬಸ್ಸುಗಳು ಅಷ್ಟರಲ್ಲಿ ಜನರನ್ನು ತಂದು ಇಳಿಸಿರುತ್ತವೆ. ಎಲ್ಲರೂ ಕಟಾಂಜನಕ್ಕೆ ಒರಗಿ ಕೆಳಗೆ ಇಣುಕುತ್ತಾರೆ, ಎದೆ ಝಲ್ಲೆನ್ನುತ್ತದೆ, ಫೋಟೊ ತೆಗೆಯುತ್ತಾರೆ. ಆಮೇಲೆ ಊಟ, ಒಂದಿಷ್ಟು ಅಂಗಡಿ ಸುತ್ತಾಟ. ಇಳಿಹೊತ್ತಿಗೆ ಬಸ್ಸು ಹತ್ತಿದರೆ ರೋಂಡಾ ನೋಡಿದ ಲೆಕ್ಕ.

ಅಷ್ಟಕ್ಕೇ ಬಿಟ್ಟುಬರುವ ಊರಲ್ಲ ಇದು. ದಕ್ಷಿಣ ಸ್ಪೇನಿನ ಆಂದಲೂಸಿಯಾದಲ್ಲಿ, ಮಾಲಗಾ ಪ್ರಾಂತ್ಯದ ಒಳಗುಡ್ಡಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 740 ಮೀಟರ್ ಎತ್ತರದ ಬಂಡೆಯ ಮೇಲೆ ರೋಂಡಾ ಕೂತಿದೆ. ಮೂವತ್ತು ಸಾವಿರ ಚಿಲ್ಲರೆ ಜನರಿರುವ ಪಟ್ಟಣ. ಬಂಡೆಯನ್ನು ನಡುಮಧ್ಯೆ ಸೀಳಿಕೊಂಡು ಗ್ವಾದಾಲೆವಿನ್ ನದಿ ಹರಿಯುತ್ತದೆ. ಆ ಸೀಳಿನ ಹೆಸರು ಎಲ್ ತಾಹೊ, ಆಳ ನೂರು ಮೀಟರಿಗೂ ಹೆಚ್ಚು. ಈ ಊರು ಹುಟ್ಟಿದ್ದು, ಕಾದಾಡಿದ್ದು, ಸೋತದ್ದು, ಮತ್ತೆ ಬೆಳೆದದ್ದು ಎಲ್ಲವೂ ಆ ನೀರಿನ ನೆಪದಲ್ಲೇ. ಮೇಲೆ ನಿಂತು ಇಣುಕಿದವರಿಗೆ ಆ ಕತೆ ಪೂರ್ತಿ ಸಿಗುವುದಿಲ್ಲ. ಒಂದು ರಾತ್ರಿಯಾದರೂ ಅಲ್ಲಿ ತಂಗಿ, ಮೊಣಕಾಲು ಗಟ್ಟಿಯಿದ್ದವರು ಮೂರು ಕಡೆ ಕೆಳಗಿಳಿದರೆ ರೋಂಡಾ ಏನೆಂದು ಗೊತ್ತಾಗುತ್ತದೆ: ಸೇತುವೆಯ ಬುಡಕ್ಕೆ ಹೋಗುವ ಕಾಲುದಾರಿ, ಅರಬರ ಕಾಲದ ಸ್ನಾನಗೃಹ, ಬಂಡೆಯೊಳಗೆ ಕೊರೆದ ಮೆಟ್ಟಿಲು.

ನಲವತ್ತೆರಡು ವರ್ಷದ ಸೇತುವೆ

ರೋಂಡಾದಲ್ಲಿ ಮೂರು ಹಳೆಯ ಸೇತುವೆಗಳಿವೆ. ಎಲ್ಲರ ಫೋಟೊದಲ್ಲಿರುವುದು ಪ್ವೆಂತೆ ನ್ವೆವೊ, ಅಂದರೆ ಹೊಸ ಸೇತುವೆ. ಹೊಸದೆಂದರೂ ಅದು 1793ರಲ್ಲಿ ಮುಗಿದದ್ದು. ಕೆಲಸ ಶುರುವಾದದ್ದು 1751ರಲ್ಲಿ. ಎತ್ತರ 98 ಮೀಟರ್. ಅದಕ್ಕೂ ಮೊದಲು 1735ರಲ್ಲಿ ಒಂದೇ ದೊಡ್ಡ ಕಮಾನಿನ ಸೇತುವೆಯೊಂದನ್ನು ಅವಸರದಲ್ಲಿ ಕಟ್ಟಿದ್ದರು. ಆರು ವರ್ಷಕ್ಕೆ ಅದು ಕುಸಿದುಬಿತ್ತು, ಸುಮಾರು ಐವತ್ತು ಜನ ಸತ್ತರು. ಮುಂದಿನ ಸೇತುವೆಗೆ ನಲವತ್ತೆರಡು ವರ್ಷ ಹಿಡಿದದ್ದೇಕೆ ಎಂಬುದು ಆ ದುರಂತ ನೆನೆದರೆ ಅರ್ಥವಾಗುತ್ತದೆ. ಈ ಸಲ ಕಣಿವೆಯ ತಳದಿಂದಲೇ ಕಲ್ಲು ಕಟ್ಟಿಕೊಂಡು ಮೇಲೆ ಬಂದರು.

ಕಟ್ಟಡ ಮುಗಿಸಿದ ವಾಸ್ತುಶಿಲ್ಪಿ ಹೊಸೆ ಮಾರ್ತಿನ್ ದೆ ಆಲ್ದೆವೆಲಾ. ಸೇತುವೆ ಪರೀಕ್ಷಿಸುವಾಗ ಕಾಲು ಜಾರಿ ಕಣಿವೆಗೆ ಬಿದ್ದು ಸತ್ತನೆಂದು ಊರಲ್ಲಿ ಹೇಳುವವರಿದ್ದಾರೆ. ನಿಜವಾಗಿ ಆತ 1802ರಲ್ಲಿ ಮಾಲಗಾ ನಗರದಲ್ಲಿ ತೀರಿಕೊಂಡ. ನಡುಕಮಾನಿನ ಮೇಲ್ಭಾಗದಲ್ಲಿ ಕಿಟಕಿಯಿರುವ ಒಂದು ಕೋಣೆ ಕಾಣುತ್ತದೆ. ಒಂದು ಕಾಲಕ್ಕೆ ಅದು ಸೆರೆಮನೆಯಾಗಿತ್ತು, ಈಗ ಸೇತುವೆಯ ಇತಿಹಾಸ ತಿಳಿಸುವ ಪುಟ್ಟ ಪ್ರದರ್ಶನವಿದೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬಹುದು. ಕೋಣೆ ಚಿಕ್ಕದು, ನೋಡುವ ಸಾಮಾನೂ ಕಡಿಮೆ. ಆದರೂ ಆ ಕಿಟಕಿಯ ಬಳಿ ಒಂದು ಗಳಿಗೆ ನಿಂತು ಬರುವುದು ಒಳ್ಳೆಯದು. ಸೆರೆಯಾಳಿಗೆ ಕಾಣುತ್ತಿದ್ದ ಆಕಾಶ ಎಷ್ಟು ಅಗಲದ್ದು ಎಂಬುದು ಅಲ್ಲಿ ತಿಳಿಯುತ್ತದೆ.

ಸೇತುವೆಯ ದಕ್ಷಿಣಕ್ಕೆ ಹಳೆಯ ಊರು, ಲಾ ಸ್ಯುದಾದ್. ಉತ್ತರಕ್ಕೆ ಎಲ್ ಮೆರ್ಕಾದಿಯೊ, ಅಂದರೆ ಸಂತೆಪೇಟೆ. ಊರೊಳಗೆ ಸರಕು ತರಲು ಸುಂಕ ಕಟ್ಟಬೇಕಾಗಿದ್ದರಿಂದ ವ್ಯಾಪಾರಿಗಳು ಆಚೆ ದಂಡೆಯಲ್ಲೇ ಅಂಗಡಿ ಹಾಕಿದರು, ಪೇಟೆ ಅಲ್ಲೇ ಬೆಳೆಯಿತು. ಇವತ್ತಿಗೂ ಬಸ್ ನಿಲ್ದಾಣ, ರೈಲು ನಿಲ್ದಾಣ, ಬಹುಪಾಲು ಹೋಟೆಲು, ಅಂಗಡಿಗಳೆಲ್ಲ ಆ ಕಡೆಗೇ. ಜನ ನೆಲೆಸಿದ ದಿನಬಳಕೆಯ ಊರು ನೋಡಬೇಕಾದರೆ ಲಾ ಬೋಲಾ ಎಂದು ಕರೆಯುವ ಎಸ್ಪಿನೆಲ್ ಬೀದಿಯಲ್ಲಿ ಸಂಜೆ ಏಳರ ಹೊತ್ತಿಗೆ ನಡೆಯಬೇಕು. ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಕೈಕೈ ಹಿಡಿದು ಗಾಳಿಸೇವನೆಗೆ ಹೊರಟಿರುತ್ತಾರೆ. ಬೀದಿಗೆ ಹೆಸರು ಬಂದದ್ದು 1550ರಲ್ಲಿ ಇಲ್ಲೇ ಹುಟ್ಟಿದ ಕವಿ, ಸಂಗೀತಗಾರ ವಿಸೆಂತೆ ಎಸ್ಪಿನೆಲ್‌ನಿಂದ. ಹತ್ತು ಸಾಲಿನ ಸ್ಪ್ಯಾನಿಷ್ ಪದ್ಯಬಂಧವೊಂದಕ್ಕೂ ಅವನದೇ ಹೆಸರು.

ಹಕ್ಕಿಯ ಬೆನ್ನು ಕಾಣುವ ಜಾಗ

ಸೇತುವೆಯನ್ನು ಸರಿಯಾಗಿ ನೋಡಬೇಕಾದರೆ ಹೊತ್ತು ಆರಿಸಿಕೊಳ್ಳಬೇಕು. ಕಣಿವೆ ಬಾಯಿ ತೆರೆಯುವುದು ಪಶ್ಚಿಮಕ್ಕೆ. ಹಾಗಾಗಿ ಸೇತುವೆಯ ಪ್ರಸಿದ್ಧ ಮುಖಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ, ಕಲ್ಲು ಜೇನಿನ ಬಣ್ಣಕ್ಕೆ ತಿರುಗುವುದು ಸೂರ್ಯ ಇಳಿಯುವಾಗ. ಬೆಳಿಗ್ಗೆ ಪೂರ್ವದ ಕಡೆ, ಸಂಜೆ ಪಶ್ಚಿಮದ ಕಡೆ ಎಂದು ದಿನವನ್ನು ಎರಡು ಪಾಲು ಮಾಡಿಕೊಂಡರೆ ಸುತ್ತಾಟ ಸಲೀಸು.

ಪೂರ್ವದ ಕಡೆ ಹಾರ್ದಿನೆಸ್ ದೆ ಕ್ವೆಂಕಾ ಎಂಬ ಮೆಟ್ಟಿಲು ಮೆಟ್ಟಿಲಾದ ಉದ್ಯಾನವಿದೆ. ಅಲ್ಲಿಂದ ಸೇತುವೆಯ ಬೆನ್ನು ಕಾಣುತ್ತದೆ, ಜನಸಂದಣಿಯೂ ಕಡಿಮೆ. ಸಂಜೆಗೆ ಹಳೆಯ ಊರಿನ ಮರೀಯಾ ಔಕ್ಸಿಲಿಯಾದೋರಾ ಚೌಕಕ್ಕೆ ಹೋಗಬೇಕು. ಚೌಕದ ತುದಿಯಿಂದ ಕಲ್ಲುಹಾಸಿದ ಕಾಲುದಾರಿ ಕಣಿವೆಗೆ ಇಳಿಯುತ್ತದೆ. ಹತ್ತು ಹದಿನೈದು ನಿಮಿಷ ಇಳಿದರೆ ಸೇತುವೆ ಅಡಿಯಿಂದ ಮುಡಿಯವರೆಗೆ ಒಮ್ಮೆಗೇ ಕಣ್ಣಿಗೆ ಬೀಳುವ ಜಾಗ. ಇನ್ನೂ ಕೆಳಗೆ ಹೋದರೆ ನದಿ ಧುಮುಕುವ ಸದ್ದು, ಆ ನೀರಿನಿಂದ ತಿರುಗುತ್ತಿದ್ದ ಹಳೆಯ ಹಿಟ್ಟಿನ ಗಿರಣಿಗಳ ಪಾಳುಗೋಡೆಗಳು. ಇತ್ತೀಚಿನ ವರ್ಷಗಳಲ್ಲಿ ಕಣಿವೆಯ ಒಳಗೆ ಹೋಗಲು ಟಿಕೆಟ್ ಇಟ್ಟು ಕಾವಲಿರುವ ನಡೆದಾರಿಯನ್ನೂ ತೆರೆದಿದ್ದಾರೆ. ಮಳೆ ಬಂದರೆ ಅದನ್ನು ಮುಚ್ಚುವುದುಂಟು, ಮೊದಲೇ ವಿಚಾರಿಸಿಕೊಂಡು ಇಳಿಯುವುದು ವಾಸಿ. ಇಳಿಯಲು ಹಿಡಿದ ಸಮಯಕ್ಕೆ ದುಪ್ಪಟ್ಟು ಹತ್ತಲು ಬೇಕು. ಚಪ್ಪಲಿ ಬೇಡ, ಹಿಡಿತವಿರುವ ಬೂಟೇ ಆಗಬೇಕು. ಶತಮಾನಗಳಿಂದ ಸವೆದ ಕಲ್ಲು ಒಣಗಿದ್ದರೂ ಜಾರುತ್ತದೆ.

ಆ ದಾರಿಯಲ್ಲಿ ಬಂಡೆಗೆ ಕೈಯಿಟ್ಟು ನೋಡಬೇಕು. ಗೋಡೆಯ ತುಂಬ ನುಣುಪಾದ ಗುಂಡುಕಲ್ಲುಗಳು ಗಾರೆಯಲ್ಲಿ ಒತ್ತಿ ಕೂರಿಸಿದ ಹಾಗೆ ಸಿಕ್ಕಿಕೊಂಡಿರುತ್ತವೆ. ಲಕ್ಷಾಂತರ ವರ್ಷಗಳ ಹಿಂದೆ ಇದೆಲ್ಲ ಸಮುದ್ರ. ತಳದಲ್ಲಿ ಕೂಡಿಕೊಂಡ ಮರಳು, ಗುಂಡುಕಲ್ಲು ಗಟ್ಟಿಯಾಗಿ ಬಂಡೆಯಾಯಿತು, ನೆಲ ಮೇಲೆದ್ದಿತು, ನದಿ ಅದನ್ನು ಕೊರೆಯುತ್ತ ಹೋಯಿತು. ಈ ಬಿರುಕುಗಳಲ್ಲೇ ಕೆಂಪು ಕೊಕ್ಕಿನ, ಕೆಂಪು ಕಾಲಿನ, ಕಾಗೆ ಜಾತಿಯ ಹಕ್ಕಿಗಳು ಗೂಡು ಕಟ್ಟುತ್ತವೆ. ಸೇತುವೆಯ ಮೇಲೆ ನಿಂತವರಿಗೆ ಅವು ಹಾರುವುದು ಕಾಲ ಕೆಳಗೆ. ಹಾರುವ ಹಕ್ಕಿಯ ಹೊಟ್ಟೆಯನ್ನಷ್ಟೇ ನೋಡಿ ಗೊತ್ತಿದ್ದ ನಮಗೆ ಅದರ ಬೆನ್ನು, ರೆಕ್ಕೆಯ ಮೇಲ್ಮೈ, ಬಿಸಿಲಿಗೆ ಮಿನುಗುವ ಕಪ್ಪು ಕಾಣಿಸುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದವರು ಇದನ್ನು ತಪ್ಪದೆ ತೋರಿಸಬೇಕು.

ಇಳಿಯಲಾಗದ ಹಿರಿಯರಿಗೆ ಆಲಮೇದಾ ದೆಲ್ ತಾಹೊ ಉದ್ಯಾನ ಹೇಳಿಮಾಡಿಸಿದ ಜಾಗ. ಸಮತಟ್ಟು, ಮರದ ನೆರಳು, ಕೂರಲು ಬೆಂಚು. ತುದಿಯಲ್ಲಿ ಬಂಡೆಯಂಚಿನ ಮೊಗಸಾಲೆ, ಎದುರಿಗೆ ಮೈಲುಗಟ್ಟಲೆ ಹೊಲ, ಆಲಿವ್ ತೋಪು, ಅದರಾಚೆ ಬೆಟ್ಟದ ಸಾಲು. ಬೀದಿಯಲ್ಲಿ ಕೆಟ್ಟ ಮಾತಾಡಿದವರಿಗೆ ಹಾಕಿದ ದಂಡದ ಹಣದಿಂದ ಈ ಉದ್ಯಾನ ಮಾಡಿದರೆಂದು ಊರಿನವರು ಹೇಳುತ್ತಾರೆ.

ನಕ್ಷತ್ರದ ಬೆಳಕಿಂಡಿ

ಗ್ವಾದಾಲೆವಿನ್ ಎಂಬ ಹೆಸರಿನ ಮೊದಲರ್ಧ ಅರಬ್ಬಿಯ ವಾದಿ, ಅಂದರೆ ನದಿ. ಪೂರ್ತಿ ಹೆಸರನ್ನು ಹಾಲಿನ ಹೊಳೆ ಎಂದು ಅರ್ಥ ಮಾಡುತ್ತಾರೆ. ಎಂಟನೆಯ ಶತಮಾನದಿಂದ 1485ರವರೆಗೆ, ಏಳು ಶತಮಾನಕ್ಕೂ ಮಿಕ್ಕಿ, ಈ ಊರು ಮುಸ್ಲಿಮರ ಆಳ್ವಿಕೆಯಲ್ಲಿತ್ತು. ಒಂಬತ್ತನೆಯ ಶತಮಾನದಲ್ಲಿ ಕೊರ್ದೊಬಾದಲ್ಲಿ ರೆಕ್ಕೆ ಕಟ್ಟಿಕೊಂಡು ಹಾರಲು ನೋಡಿದ ಅಬ್ಬಾಸ್ ಇಬ್ನ್ ಫಿರ್ನಾಸ್ ಹುಟ್ಟಿದ್ದು ರೋಂಡಾ ಸೀಮೆಯಲ್ಲಿ. ಚಂದ್ರನ ಮೇಲಿನ ಒಂದು ಕುಳಿಗೆ ಅವನ ಹೆಸರಿಟ್ಟಿದ್ದಾರೆ.

ಅರಬರ ಕಾಲದ ಸ್ನಾನಗೃಹ ಇರುವುದು ಊರಿನ ಬುಡದಲ್ಲಿ. ಐದನೆಯ ಫಿಲಿಪ್‌ನ ಹೆಸರಿನ ಕಮಾನುಬಾಗಿಲು ದಾಟಿ, 1616ರ ಹಳೆಯ ಸೇತುವೆಯ ಬಳಿ ಇಳಿದರೆ ಸಿಗುತ್ತದೆ. ಹೊರಗಿನಿಂದ ಊರಿಗೆ ಬಂದವರು ಮೈ ತೊಳೆದು ಶುಚಿಯಾಗಿ ಒಳಗೆ ಹೋಗಲೆಂದು ಕೋಟೆಬಾಗಿಲ ಹೊರಗೆ, ನೀರಿನ ಪಕ್ಕದಲ್ಲೇ ಕಟ್ಟಿದ್ದರು. ಮುಂದೆ ಪ್ರವಾಹ ತಂದ ಹೂಳು ಇದನ್ನು ಮುಚ್ಚಿಬಿಟ್ಟಿತು. ಆ ಹೂಳೇ ಕಟ್ಟಡವನ್ನು ಕಾಯ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಅಗೆದು ತೆಗೆದರು. ಸ್ಪೇನಿನಲ್ಲಿ ಇಷ್ಟು ಚೆನ್ನಾಗಿ ಉಳಿದ ಅರಬ್ ಸ್ನಾನಗೃಹ ಇನ್ನೊಂದು ಸಿಗುವುದು ಕಷ್ಟ.

ತಣ್ಣನೆಯದು, ಬೆಚ್ಚಗಿನದು, ಬಿಸಿಯದು ಎಂದು ಮೂರು ಕೋಣೆ. ನಡುವಿನ ಕೋಣೆಯಲ್ಲಿ ಕುದುರೆಲಾಳದ ಆಕಾರದ ಕಮಾನುಗಳು ಸಾಲಾಗಿ ನಿಂತಿವೆ. ಮೇಲಿನ ಕಮಾನುಚಾವಣಿಯಲ್ಲಿ ನಕ್ಷತ್ರದ ಆಕಾರದ ಬೆಳಕಿಂಡಿಗಳು. ಬೆಳಗಿನ ಬಿಸಿಲು ಆ ಕಿಂಡಿಗಳಿಂದ ಓರೆಯಾಗಿ ಇಳಿದು ನೆಲದ ಮೇಲೆ ಚುಕ್ಕಿ ಬಿಡುತ್ತದೆ. ಕೋಣೆಯಲ್ಲಿ ಕಾಲು ಗಂಟೆ ಕೂತರೆ ಚುಕ್ಕಿಗಳು ಸರಿಯುವುದು ಕಣ್ಣಿಗೇ ಗೊತ್ತಾಗುತ್ತದೆ. ಆಚೆ ತುದಿಯಲ್ಲಿ ನೀರು ಕಾಯಿಸುವ ಒಲೆಯ ಜಾಗ ಹಾಗೆಯೇ ಇದೆ. ಬಿಸಿಗಾಳಿಯನ್ನು ನೆಲದ ಅಡಿಯಲ್ಲಿ ಹರಿಸಿ ಕಲ್ಲುಹಾಸನ್ನೇ ಬೆಚ್ಚಗಿಡುತ್ತಿದ್ದರು. ಹೊರಗೆ ಒಂದು ಗೋಪುರ. ಅದರ ಮೇಲೆ ಕತ್ತೆ ಸುತ್ತು ಹಾಕಿದರೆ ರಾಟೆ ತಿರುಗಿ ನೀರು ಮೇಲೆ ಬಂದು, ಕಲ್ಲಿನ ಮೇಲ್ಗಾಲುವೆಯಲ್ಲಿ ಹರಿದು ಸ್ನಾನದ ಮನೆಗೆ ಸೇರುತ್ತಿತ್ತು. ಈ ಯಂತ್ರಗಳು ಹೇಗೆ ನಡೆಯುತ್ತಿದ್ದವೆಂದು ತೋರಿಸುವ ಕಿರುಚಿತ್ರ ಒಳಗೇ ಓಡುತ್ತಿರುತ್ತದೆ. ಅದನ್ನು ಮೊದಲು ನೋಡಿ ಆಮೇಲೆ ಸುತ್ತಿದರೆ ಪ್ರತಿ ಕಲ್ಲಿಗೂ ಕೆಲಸವಿದ್ದದ್ದು ತಿಳಿಯುತ್ತದೆ.

ತೊಗಲುಚೀಲ ಹೊತ್ತವರ ಮೆಟ್ಟಿಲು

ಮೂರನೆಯ ಇಳಿತ ಕಷ್ಟದ್ದು, ಮನಸ್ಸಿಗೆ ಭಾರ ತರುವಂಥದ್ದು. ಕಾಸಾ ದೆಲ್ ರೇ ಮೋರೊ, ಅರಬ್ ದೊರೆಯ ಮನೆ ಎಂಬ ಹೆಸರಿನ ಕಟ್ಟಡ ಕಣಿವೆಯಂಚಿನಲ್ಲಿದೆ. ಮನೆ ಹದಿನೆಂಟನೆಯ ಶತಮಾನದ್ದು, ಅಲ್ಲಿ ಯಾವ ಅರಬ್ ದೊರೆಯೂ ಇರಲಿಲ್ಲ. ಅದರ ಅಂಗಳದ ತೋಟವನ್ನು 1912ರಲ್ಲಿ ಫ್ರೆಂಚ್ ಉದ್ಯಾನತಜ್ಞ ಜಾನ್ ಕ್ಲೋದ್ ನಿಕೊಲಾ ಫಾರೆಸ್ತಿಯೇ ರೂಪಿಸಿದ. ತೋಟದ ಮೂಲೆಯಲ್ಲಿ ಇರುವ ಬಾಗಿಲು ಮಾತ್ರ ಮನೆಗಿಂತ ನಾಲ್ಕು ಶತಮಾನ ಹಳೆಯದು. ಲಾ ಮೀನಾ ಎಂದು ಅದಕ್ಕೆ ಹೆಸರು, ಗಣಿ ಎಂದರ್ಥ. ಇನ್ನೂರರಷ್ಟು ಮೆಟ್ಟಿಲುಗಳು ಬಂಡೆಯ ಹೊಟ್ಟೆಯೊಳಗೆ ಅಂಕುಡೊಂಕಾಗಿ ನದಿಯವರೆಗೆ ಇಳಿಯುತ್ತವೆ.

ಊರಿಗೆ ಮುತ್ತಿಗೆ ಬಿದ್ದಾಗ ನೀರಿಗೆ ಇದೊಂದೇ ದಾರಿ. ಸೆರೆಸಿಕ್ಕ ಕ್ರೈಸ್ತರನ್ನು ಸಾಲಾಗಿ ನಿಲ್ಲಿಸಿ ತೊಗಲಿನ ಚೀಲಗಳಲ್ಲಿ ನೀರು ಹೊರಿಸುತ್ತಿದ್ದರು. ರೋಂಡಾದಲ್ಲಿ ನೀರಿನ ಚೀಲ ಹೊತ್ತು ಸಾಯಿ ಎಂಬುದು ಆ ಕಾಲದ ಸ್ಪ್ಯಾನಿಷ್ ನಾಡಿನಲ್ಲಿ ಶಾಪವಾಗಿತ್ತು. 1485ರ ಮೇ ತಿಂಗಳಲ್ಲಿ ಕ್ರೈಸ್ತ ರಾಜ ಫರ್ಡಿನೆಂಡನ ಸೇನೆ ಫಿರಂಗಿಗಳೊಂದಿಗೆ ಬಂದು, ಈ ನೀರಿನ ದಾರಿಯನ್ನೇ ಕಡಿದುಹಾಕಿತು. ಮೇ 22ರಂದು ಊರು ಶರಣಾಯಿತು. ಯಾರೂ ಗೆಲ್ಲಲಾಗದ ಬಂಡೆಯೂರು ಬಿದ್ದದ್ದು ಬಾಯಾರಿಕೆಯಿಂದ. ಈ ಮುತ್ತಿಗೆಯೂ ಸೇರಿದ್ದ ಗ್ರಾನಡಾ ಯುದ್ಧದಲ್ಲಿ ಬಿಡುಗಡೆಯಾದ ಸೆರೆಯಾಳುಗಳ ಸಂಕೋಲೆಗಳು ತೊಲೆಡೊ ನಗರದ ಸ್ಯಾನ್ ಹುವಾನ್ ದೆ ಲೋಸ್ ರೆಯೆಸ್ ಮಠದ ಹೊರಗೋಡೆಯ ಮೇಲೆ ಇವತ್ತಿಗೂ ತೂಗುತ್ತಿವೆ. ಸ್ಪೇನ್ ಪ್ರವಾಸದಲ್ಲಿ ತೊಲೆಡೊವೂ ಇದ್ದರೆ ಅವನ್ನು ಹುಡುಕಿ ನೋಡಬಹುದು.

ಮೆಟ್ಟಿಲುಗಳು ಒಂದೇ ಎತ್ತರದವಲ್ಲ. ಬೆಳಕು ಮಂದ, ನೆಲ ತೇವ, ಕೆಲವೆಡೆ ಗೋಡೆ ಒಸರುತ್ತಿರುತ್ತದೆ. ಮಂಡಿನೋವು, ಏದುಸಿರು, ಇಕ್ಕಟ್ಟಿನ ಭಯ ಇದ್ದವರು ತೋಟದಲ್ಲೇ ಕೂರುವುದು ಕ್ಷೇಮ. ಇಳಿದವರಿಗೆ ಕೊನೆಯಲ್ಲಿ ನೀರಿನ ಮಟ್ಟದಲ್ಲಿ ಒಂದು ಪುಟ್ಟ ಅಟ್ಟಣೆ. ಹಸಿರು ನೀರು ಅಲುಗದೆ ನಿಂತಿರುತ್ತದೆ, ಎರಡೂ ಕಡೆ ಬಂಡೆ, ಮೇಲೆ ಆಕಾಶದ ಒಂದು ಪಟ್ಟಿ. ಬರಿಗೈಯಲ್ಲಿ ಹತ್ತುವಾಗಲೇ ಅರ್ಧದಲ್ಲಿ ನಿಂತು ಸುಧಾರಿಸಿಕೊಳ್ಳಬೇಕಾಗುತ್ತದೆ. ಬೆನ್ನ ಮೇಲೆ ನೀರು ಹೊತ್ತು ದಿನಕ್ಕೆ ಹತ್ತಾರು ಸಲ ಹತ್ತಿದವರನ್ನು ಆಗ ನೆನೆಯದೆ ಇರಲಾಗುವುದಿಲ್ಲ.

ಗೂಳಿ ಕಾಳಗದ ಕಣ

ರೋಂಡಾದ ಗೂಳಿ ಕಾಳಗದ ಕಣ ಉದ್ಘಾಟನೆಯಾದದ್ದು 1785ರಲ್ಲಿ. ಮರಳಿನ ವೃತ್ತದ ಅಡ್ಡಳತೆ 66 ಮೀಟರ್. ಸುತ್ತ ಎರಡು ಅಂತಸ್ತಿನ ಕಲ್ಲುಕಂಬಗಳ ಸಾಲು. ಕಟ್ಟಡವಾಗಿ ಅದು ಬಲು ಚೆಂದ. ಸೇತುವೆಯ ವಾಸ್ತುಶಿಲ್ಪಿಯೇ ಇದನ್ನೂ ಮಾಡಿದನೆಂದು ಹೇಳುತ್ತಾರೆ. ಇಲ್ಲಿಯವನೇ ಆದ ಪೇದ್ರೊ ರೊಮೇರೊ (1754-1839) ಐದು ಸಾವಿರಕ್ಕೂ ಹೆಚ್ಚು ಗೂಳಿಗಳನ್ನು ಕೊಂದನೆಂದೂ ಒಮ್ಮೆಯೂ ದೊಡ್ಡ ಗಾಯ ಮಾಡಿಕೊಳ್ಳಲಿಲ್ಲವೆಂದೂ ಹೆಸರಾಗಿದ್ದಾನೆ. ಚಿತ್ರಕಾರ ಗೋಯಾ ಅವನ ಚಿತ್ರ ಬರೆದಿದ್ದಾನೆ. ಸೆಪ್ಟೆಂಬರ್ ಮೊದಲ ವಾರದ ಜಾತ್ರೆಯಲ್ಲಿ ಗೋಯಾನ ಕಾಲದ ಉಡುಪು ತೊಟ್ಟು ನಡೆಸುವ ಕಾಳಗ 1954ರಲ್ಲಿ ಶುರುವಾದದ್ದು.

ಪ್ರಾಣಿಯನ್ನು ಕೊಲ್ಲುವ ಆಟ ಸ್ಪೇನಿನಲ್ಲೇ ದೊಡ್ಡ ವಾದಕ್ಕೆ ಕಾರಣವಾಗಿದೆ. ನೋಡಲು ಮನಸ್ಸಾಗದವರು ಜಾತ್ರೆಯ ವಾರ ತಪ್ಪಿಸಿದರೆ ಸಾಕು. ವರ್ಷದ ಉಳಿದ ದಿನ ಕಣ ಬರೀ ವಸ್ತುಸಂಗ್ರಹಾಲಯ. ಜಾತ್ರೆಯ ವಾರದಲ್ಲಿ ಕೋಣೆ ಬಾಡಿಗೆ ಏರುತ್ತದೆ, ಸಿಗುವುದೂ ಕಷ್ಟ. ಅಮೆರಿಕದ ಬರಹಗಾರ ಹೆಮಿಂಗ್ವೆಯನ್ನು, ಸಿನಿಮಾ ನಿರ್ದೇಶಕ ಆರ್ಸನ್ ವೆಲ್ಸ್‌ನನ್ನು ಈ ಊರಿಗೆ ಎಳೆದು ತಂದದ್ದು ಈ ಕಣವೇ. ವೆಲ್ಸ್‌ನ ಚಿತಾಭಸ್ಮವನ್ನು 1987ರಲ್ಲಿ ಊರಾಚೆಯ ತೋಟದ ಬಾವಿಯೊಂದರಲ್ಲಿ ಇಟ್ಟಿದ್ದಾರೆ. ತೋಟ ಅವನ ಗೆಳೆಯ, ಗೂಳಿ ಕಾಳಗದ ವೀರ ಆಂತೊನಿಯೊ ಓರ್ದೊನ್ಯೆಸ್‌ನದು. ಜರ್ಮನ್ ಭಾಷೆಯ ಕವಿ ರಿಲ್ಕೆ ಬಂದದ್ದು ಬೇರೆ ಕಾರಣಕ್ಕೆ. ಬರೆಯಲಾಗದೆ ಕಂಗೆಟ್ಟು, ಏಕಾಂತ ಹುಡುಕುತ್ತ 1912ರ ಚಳಿಗಾಲದಲ್ಲಿ ಇಲ್ಲಿಯ ರೇನಾ ವಿಕ್ಟೋರಿಯಾ ಹೋಟೆಲಿನಲ್ಲಿ ಬಂದು ಉಳಿದ.

ಜೋನಿಬೆಲ್ಲದ ಬದನೆಕಾಯಿ

ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು. ಗುಡ್ಡಗಾಡಿನ ಅಡುಗೆಯಲ್ಲಿ ಹಂದಿಮಾಂಸ ಎಲ್ಲೆಲ್ಲೂ ಇರುತ್ತದೆ. ಬೇಳೆಯ ಸಾರಿನಲ್ಲಿ ಮಾಂಸದ ತುಂಡು, ತರಕಾರಿ ಪಲ್ಯದಲ್ಲಿ ಹಾಮೋನ್ ಎಂಬ ಒಣಗಿಸಿದ ಹಂದಿಮಾಂಸದ ಚೂರು, ಸಲಾಡಿನ ಮೇಲೆ ಟ್ಯೂನ ಮೀನು ಬರುವುದು ಮಾಮೂಲು. ನಾನು ಸಸ್ಯಾಹಾರಿ ಎಂದರಷ್ಟೇ ಸಾಲದು. ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಆತೂನ್, ಅಂದರೆ ಮಾಂಸ, ಹಾಮೋನ್, ಟ್ಯೂನ ಯಾವುದೂ ಬೇಡ ಎಂದು ಬಿಡಿಸಿ ಹೇಳಬೇಕು. ಮೊಟ್ಟೆ ತಿನ್ನದವರು ಸಿನ್ ವೇವೊ ಎಂದೂ ಸೇರಿಸಬೇಕು.

ಕೇಳಿ ತರಿಸಲೇಬೇಕಾದದ್ದು ಬೆರೆನ್ಹೇನಾಸ್ ಕೋನ್ ಮಿಯೆಲ್ ದೆ ಕಾನ್ಯಾ. ಬದನೆಕಾಯಿಯನ್ನು ತೆಳುವಾಗಿ ಹೆಚ್ಚಿ, ಹಿಟ್ಟು ಸವರಿ, ಗರಿಗರಿಯಾಗಿ ಕರಿದು, ಮೇಲೆ ಕಪ್ಪನೆಯ ದ್ರವವೊಂದನ್ನು ಎಳೆ ಎಳೆಯಾಗಿ ಸುರಿದಿರುತ್ತಾರೆ. ಮಿಯೆಲ್ ದೆ ಕಾನ್ಯಾ ಎಂದರೆ ಕಬ್ಬಿನ ಜೇನು. ಬಾಯಿಗಿಟ್ಟ ಮಲೆನಾಡಿನವರಿಗೆ, ಕರಾವಳಿಯವರಿಗೆ ಅದು ಏನೆಂದು ಹೇಳಿಕೊಡಬೇಕಾಗಿಲ್ಲ. ಅದು ಜೋನಿಬೆಲ್ಲ. ಕಬ್ಬಿನ ಹಾಲು ಕಾಯಿಸಿ ಪಾಕಕ್ಕೆ ತರುವ ಇದನ್ನು ಮಾಲಗಾ ಕರಾವಳಿಯ ಫ್ರಿಹಿಲಿಯಾನಾ ಎಂಬ ಊರಿನಲ್ಲಿ ಇವತ್ತಿಗೂ ಮಾಡುತ್ತಾರೆ. ಕಬ್ಬನ್ನು ಈ ನೆಲಕ್ಕೆ ತಂದವರು ಅರಬರು. ಸಕ್ಕರೆಗೆ ಸ್ಪ್ಯಾನಿಷಿನಲ್ಲಿರುವ ಆಸೂಕಾರ್ ಎಂಬ ಹೆಸರೂ ಅವರೊಂದಿಗೇ ಬಂತು. ಅರಬ್ಬಿಯ ಸುಕ್ಕರ್, ಅದರ ಹಿಂದೆ ಸಂಸ್ಕೃತದ ಶರ್ಕರಾ. ನಮ್ಮ ಸಕ್ಕರೆಯೂ ಅದೇ ಬೇರಿನದು.

ಕಡಲೆಕಾಳು ಹಾಕಿದ ಪಾಲಕ್ ಪಲ್ಯ ಇನ್ನೊಂದು ಹಿತವಾದ ತಿನಿಸು. ಜೀರಿಗೆ, ಬೆಳ್ಳುಳ್ಳಿಯ ಒಗ್ಗರಣೆಯಿರುತ್ತದೆ. ಬೇಸಿಗೆಯಲ್ಲಿ ಬಾದಾಮಿ, ಬೆಳ್ಳುಳ್ಳಿ, ಬ್ರೆಡ್ಡು ರುಬ್ಬಿ ತಣ್ಣಗೆ ಕೊಡುವ ಆಹೊಬ್ಲಾಂಕೊ, ಟೊಮೆಟೊದ ಗಾಸ್ಪಾಚೊ. ಸಾಲ್ಮೊರೇಹೊ ಎಂಬ ಗಟ್ಟಿ ಟೊಮೆಟೊ ಸಾರಿನ ಮೇಲೆ ಹಾಮೋನ್, ಮೊಟ್ಟೆ ಉದುರಿಸುತ್ತಾರೆ, ಬೇಡವೆಂದು ಮೊದಲೇ ಹೇಳಬೇಕು. ಗ್ರಾಸಲೇಮಾ ಬೆಟ್ಟದ ಪಯೋಯಾ ಆಡಿನ ಹಾಲಿನ ಚೀಸು ಈ ಸೀಮೆಯ ಹೆಮ್ಮೆ. ಬೆಳಗಿನ ತಿಂಡಿಗೆ ಮೊಯೇತೆ ಎಂಬ ಮೆತ್ತನೆಯ ಬ್ರೆಡ್ಡನ್ನು ಕಾಯಿಸಿ ಆಲಿವ್ ಎಣ್ಣೆ, ತುರಿದ ಟೊಮೆಟೊ ಹಚ್ಚಿ ಕೊಡುತ್ತಾರೆ. ಅಗ್ಗ, ರುಚಿ, ಹೊಟ್ಟೆಗೂ ಹಗುರ.

ಊಟದ ಹೊತ್ತಿಗೆ ಹೊಂದಿಕೊಳ್ಳುವುದೇ ಕಷ್ಟದ ಕೆಲಸ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿಯದು ಎಂಟೂವರೆಯ ಮೇಲೆ. ನಡುವೆ ಬಹಳಷ್ಟು ಅಡುಗೆಮನೆ ಮುಚ್ಚಿರುತ್ತವೆ, ಎರಡರಿಂದ ಐದರವರೆಗೆ ಅಂಗಡಿಗಳೂ ಬಾಗಿಲು ಹಾಕುತ್ತವೆ. ಮಕ್ಕಳಿರುವವರು ಹಣ್ಣು, ಬಿಸ್ಕತ್ತು ಇಟ್ಟುಕೊಳ್ಳಬೇಕು. ವಾರದ ದಿನಗಳ ಮಧ್ಯಾಹ್ನ ಮೆನೂ ದೆಲ್ ದೀಯಾ ಎಂದು ಕೇಳಿದರೆ ಎರಡು ಮೂರು ಬಗೆಯ ಊಟ ಒಂದೇ ನಿಗದಿ ಬೆಲೆಗೆ ಸಿಗುತ್ತದೆ. ನಲ್ಲಿಯ ನೀರು ಕುಡಿಯಲು ಯೋಗ್ಯ.

ಲಾ ಮೆರ್ಸೆದ್ ಚರ್ಚಿಗೆ ಅಂಟಿಕೊಂಡ ಕಾರ್ಮೆಲೈಟ್ ಸನ್ಯಾಸಿನಿಯರ ಮಠದಲ್ಲಿ ಸಿಹಿ ಮಾರುತ್ತಾರೆ. ಕೊಡುವವರ ಮುಖ ಕಾಣುವುದಿಲ್ಲ. ಗೋಡೆಯಲ್ಲಿ ಸುತ್ತುವ ಮರದ ಗೂಡಿದೆ. ಬೇಕಾದ್ದನ್ನು ಹೇಳಿ ದುಡ್ಡಿಟ್ಟರೆ ಗೂಡು ಒಳಗೆ ತಿರುಗುತ್ತದೆ, ಮತ್ತೆ ತಿರುಗಿದಾಗ ಸಿಹಿಯ ಪೊಟ್ಟಣ ಬಂದಿರುತ್ತದೆ. ಹೆಚ್ಚಿನವಕ್ಕೆ ಮೊಟ್ಟೆ ಬಿದ್ದಿರುತ್ತದೆ. ಕಾರ್ಮೆಲೈಟ್ ಪಂಥದ ಸಂತ ತೆರೇಸಾಳ ಕೈಯ ಅವಶೇಷ ಇರುವುದೂ ಇದೇ ಚರ್ಚಿನಲ್ಲಿ. ಸರ್ವಾಧಿಕಾರಿ ಫ್ರಾಂಕೊ ಅದನ್ನು ತಾನು ಸಾಯುವವರೆಗೆ ಹತ್ತಿರವೇ ಇಟ್ಟುಕೊಂಡಿದ್ದ. ಆಮೇಲೆ ಅದು ಮಠಕ್ಕೆ ಮರಳಿತು.

ಹೋಗುವುದು, ಇರುವುದು

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ಬೆಂಗಳೂರಿನಲ್ಲೇ ಅರ್ಜಿ ಕೇಂದ್ರವಿದೆ. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗಬಾರದು. ಬೇಸಿಗೆ ರಜೆಯ ಮುಂಚೆ ಸಮಯ ಸಿಗುವುದೇ ಕಷ್ಟವಾದ್ದರಿಂದ ಎರಡು ಮೂರು ತಿಂಗಳ ಮೊದಲೇ ಕೆಲಸಕ್ಕೆ ಕೈಹಾಕಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಕೇಂದ್ರದ ಸೇವಾಶುಲ್ಕ ಬೇರೆ. 30,000 ಯೂರೊಗೆ ಕಡಿಮೆಯಿಲ್ಲದ ಪ್ರವಾಸ ವಿಮೆ ಕಡ್ಡಾಯ. ಹಲವು ದೇಶ ಸುತ್ತುವವರು ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕೆಂಬ ನಿಯಮ ಮರೆಯಬಾರದು.

ರೋಂಡಾಕ್ಕೆ ವಿಮಾನವಿಲ್ಲ. ಮಾಲಗಾ ಸುಮಾರು 100 ಕಿಲೋಮೀಟರ್, ಸೆವಿಲ್ ಸುಮಾರು 130. ಎರಡೂ ಕಡೆಯಿಂದ ಬಸ್ಸಿದೆ, ಎರಡು ಗಂಟೆಯ ಆಸುಪಾಸು. ಊರೂರಲ್ಲಿ ನಿಲ್ಲುವ ಬಸ್ಸಾದರೆ ಇನ್ನೂ ತಡ. ಮಾರ್ಬೆಯಾ ಕಡಲತೀರದಿಂದ 50 ಕಿಲೋಮೀಟರ್ ಮಾತ್ರ, ಆದರೆ ದಾರಿ ಪೂರ್ತಿ ತಿರುವು. ಘಾಟಿಯಲ್ಲಿ ವಾಂತಿ ಬರುವವರು ಮಾತ್ರೆ ಇಟ್ಟುಕೊಂಡು ಹತ್ತಬೇಕು. ಸೊಗಸಾದದ್ದು ಆಲ್ಹೆಸಿರಾಸ್ ಬಂದರಿನಿಂದ ಬರುವ ರೈಲು. ಜಿಬ್ರಾಲ್ಟರ್‌ನಲ್ಲಿದ್ದ ಬ್ರಿಟಿಷರು ಬೆಟ್ಟದ ಗಾಳಿಗೆ ಬರಲೆಂದು ಬ್ರಿಟಿಷ್ ಬಂಡವಾಳದಿಂದ ಹಾಕಿದ ಈ ಹಳಿ 1892ರಲ್ಲಿ ಮುಗಿಯಿತು. ರಿಲ್ಕೆ ಉಳಿದ ಹೋಟೆಲು 1906ರಲ್ಲಿ ಎದ್ದದ್ದೂ ಅದೇ ಪ್ರಯಾಣಿಕರಿಗಾಗಿ. ರೈಲುಗಳು ದಿನಕ್ಕೆ ಕೆಲವೇ. ಜೋರು ಮಳೆಯಾದಾಗ ಬೆಟ್ಟದ ಹಳಿಗೆ ತೊಂದರೆಯಾಗುವುದರಿಂದ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಬೇಕು.

ಬಾಡಿಗೆ ಕಾರಿನಲ್ಲಿ ಬಂದವರು ಹಳೆಯ ಊರಿನ ಬೀದಿಗಳಿಗೆ ನುಗ್ಗಬಾರದು. ಕೆಲವು ಬೀದಿ ನಿವಾಸಿಗಳಿಗಷ್ಟೇ ಮೀಸಲು, ಕೆಲವು ಕಾರಿನ ಕನ್ನಡಿ ತಾಗುವಷ್ಟು ಇಕ್ಕಟ್ಟು. ಪೇಟೆಯ ಸೊಕೊರ್ರೊ ಚೌಕದ ನೆಲದಡಿಯ ನಿಲುಗಡೆಯಲ್ಲಿ ಬಿಟ್ಟು ನಡೆಯುವುದೇ ಸರಿ. ಆಂದಲೂಸಿಯಾದ ಹಸಿರು ಬಿಳಿ ಹಸಿರು ಬಾವುಟವನ್ನು ಒಪ್ಪಿದ 1918ರ ಸಮಾವೇಶ ನಡೆದದ್ದೂ ಇದೇ ಚೌಕದ ಕಟ್ಟಡದಲ್ಲಿ.

ಏಪ್ರಿಲ್‌ನಿಂದ ಜೂನ್ ನಡುಭಾಗ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಹೋಗಲು ಒಳ್ಳೆಯ ಕಾಲ. ಜುಲೈ ಆಗಸ್ಟ್‌ನಲ್ಲಿ ಮಧ್ಯಾಹ್ನ ಬಿಸಿಲು 35 ಡಿಗ್ರಿ ದಾಟುವುದುಂಟು. ಜನವರಿಯ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ಕಡಲತೀರದ ಹವೆಯೆಂದು ನಂಬಿ ತೆಳು ಬಟ್ಟೆಯಲ್ಲಿ ಬಂದವರು ನಡುಗುತ್ತಾರೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಮೇಲೆ, ಆದ್ದರಿಂದ ಸಂಜೆಯ ಇಳಿತಕ್ಕೆ ಅವಸರ ಬೇಡ. ಕೊನೆಯ ಪ್ರವಾಸಿ ಬಸ್ಸು ಹೊರಟ ಮೇಲೆ ಊರು ಊರಿನವರಿಗೆ ಮರಳುತ್ತದೆ. ರಾತ್ರಿ ಹತ್ತರ ಮೇಲೆ ದೀಪ ಬೆಳಗಿದ ಸೇತುವೆಯನ್ನು ದಾಟಿ ಹಳೆಯ ಊರಿಗೆ ನಡೆದರೆ ಕೆಳಗೆ ನೀರು ಹರಿಯುವ ಸದ್ದು ಮೇಲಿನವರೆಗೂ ಕೇಳಿಸುತ್ತದೆ. ಹಗಲಿನ ಗದ್ದಲದಲ್ಲಿ ಅದು ಯಾರ ಕಿವಿಗೂ ಬಿದ್ದಿರುವುದಿಲ್ಲ.

ಇನ್ನೊಂದು ದಿನ ಇದ್ದರೆ

ಎರಡನೆಯ ದಿನ ಕೈಯಲ್ಲಿದ್ದರೆ ಸುತ್ತಮುತ್ತ ನೋಡುವುದು ಬೇಕಾದಷ್ಟಿದೆ. ಸೆತೆನಿಲ್ ದೆ ಲಾಸ್ ಬೊದೇಗಾಸ್‌ನಲ್ಲಿ ಮುಂಚಾಚಿದ ಬಂಡೆಯೇ ಮನೆಗಳ ಸೂರು. ಬೀದಿಯಲ್ಲಿ ಕುರ್ಚಿ ಹಾಕಿ ಕಾಫಿ ಕುಡಿಯುವವರ ತಲೆ ಮೇಲೆ ಬೆಟ್ಟವೇ ಚಾಚಿಕೊಂಡಿರುತ್ತದೆ. ಸುಮಾರು 20 ಕಿಲೋಮೀಟರ್ ದೂರದ ಆಸಿನಿಪೊದಲ್ಲಿ ರೋಮನ್ನರ ಬಯಲು ರಂಗಮಂದಿರದ ಹಿಂಗೋಡೆ ಗುಡ್ಡದ ನೆತ್ತಿಯಲ್ಲಿ ಒಂಟಿಯಾಗಿ ನಿಂತಿದೆ. ತೆರೆಯುವ ದಿನಗಳು ಬದಲಾಗುತ್ತಿರುತ್ತವೆ, ಪ್ರವಾಸಿ ಮಾಹಿತಿ ಕಚೇರಿಯಲ್ಲಿ ಕೇಳಿ ಹೊರಡಬೇಕು. ಗ್ರಾಸಲೇಮಾ ಸ್ಪೇನಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು, ವರ್ಷಕ್ಕೆ 2,000 ಮಿಲಿಮೀಟರ್ ಆಸುಪಾಸು. ಪಿನ್ಸಾಪೊ ಎಂಬ ಅಪರೂಪದ ಫರ್ ಮರಗಳ ಕಾಡು ಅಲ್ಲಿದೆ.

ಒಂದನ್ನೇ ಆರಿಸಬೇಕಾದರೆ ಬೆನಾವೋಹಾನ್ ಊರಿನ ಪಿಲೇತಾ ಗುಹೆಗೆ ಹೋಗಬೇಕು. 1905ರಲ್ಲಿ ಹೊಸೆ ಬುಯೋನ್ ಎಂಬ ರೈತ ಹೊಲಕ್ಕೆ ಗೊಬ್ಬರ ಹುಡುಕುತ್ತಿದ್ದ. ಬೆಟ್ಟದ ಬಿಲವೊಂದರಿಂದ ಸಂಜೆ ಬಾವಲಿಗಳು ಏಳುವುದನ್ನು ಕಂಡು, ಒಳಗೆ ಹಿಕ್ಕೆಯ ರಾಶಿ ಇರಬೇಕೆಂದು ಹಗ್ಗ ಕಟ್ಟಿಕೊಂಡು ಇಳಿದ. ಗೋಡೆಗಳ ಮೇಲೆ ಕುದುರೆ, ಗೂಳಿ, ಆಡುಗಳ ಚಿತ್ರಗಳಿದ್ದವು, ಸಾವಿರಾರು ವರ್ಷ ಹಿಂದಿನವು. ಒಳಗಿನ ಕೋಣೆಯಲ್ಲಿ ಒಂದೂವರೆ ಮೀಟರ್ ಉದ್ದದ ಕಪ್ಪು ಮೀನಿನ ಚಿತ್ರವಿದೆ. ಇವತ್ತಿಗೂ ಗುಹೆಯನ್ನು ನೋಡಿಕೊಳ್ಳುವುದು ಅದೇ ಮನೆತನ. ವಿದ್ಯುತ್ ದೀಪ ಹಾಕಿಲ್ಲ, ಮಾರ್ಗದರ್ಶಿಯ ಕೈಯ ಲಾಟೀನು ಹಿಂಬಾಲಿಸಿ ನಡೆಯಬೇಕು. ಫೋಟೊ ತೆಗೆಯುವಂತಿಲ್ಲ. ಒಂದು ಸಲಕ್ಕೆ ಸಣ್ಣ ಗುಂಪನ್ನಷ್ಟೇ ಬಿಡುವುದರಿಂದ ಜಾಗವನ್ನು ಮುಂಚೆಯೇ ಕಾಯ್ದಿರಿಸಬೇಕು. ಒಳಗೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಒಂದು ಸ್ವೆಟರ್ ಕೈಯಲ್ಲಿರಲಿ.